ಒಂದು ರಾತ್ರಿಯ ನಗರ: ಲಾಸಾರ್ ಸೆಗಾಲನ ಉತ್ಸವಾಲಂಕರಣ

ಚಿತ್ರಕಾರನೊಬ್ಬನ ಸಾಧನೆಯನ್ನು ವಿವೇಚಿಸುವಾಗ ನಾವು ಸಾಮಾನ್ಯವಾಗಿ ಉಳಿದುಬಂದಿರುವ ಚಿತ್ರಗಳನ್ನೇ ಆಧಾರವಾಗಿಟ್ಟುಕೊಳ್ಳುತ್ತೇವೆ. ಉಳಿಯಬೇಕೆಂಬ ಉದ್ದೇಶವೇ ಇಲ್ಲದೆ ರಚಿತವಾದ ಕೃತಿಗಳು ಹೀಗೆ ಲೆಕ್ಕಕ್ಕೆ ಬಾರದೆ ಹೋಗುತ್ತವೆ. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ 1933 ಮತ್ತು 1934ರಲ್ಲಿ ಜರುಗಿದ ಎರಡು ಛದ್ಮವೇಷದ ನೃತ್ಯೋತ್ಸವಗಳಿಗಾಗಿ ಲಾಸಾರ್ ಸೆಗಾಲನು ಮಾಡಿದ ಅಲಂಕರಣ ಈ ಬಗೆಯದು. ಗಂಭೀರ ಕಲಾವಿದನೊಬ್ಬನ ವಿರಾಮಕಾಲದ ವಿನೋದವೆಂದು ಅದನ್ನು ಬದಿಗಿಡುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಸೆಗಾಲನು 1891ರಲ್ಲಿ, ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ವಿಲ್ನ ಪಟ್ಟಣದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ಬರ್ಲಿನ್ ಮತ್ತು ಡ್ರೆಸ್ಡೆನ್ ನಗರಗಳಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಅಭಿವ್ಯಕ್ತಿವಾದಿ ಚಿತ್ರಕಾರರಲ್ಲಿ ಒಬ್ಬನಾದನು. 1913ರಲ್ಲಿ ಒಮ್ಮೆ ಬ್ರೆಜಿಲಿನಲ್ಲಿ ತನ್ನ ಚಿತ್ರಗಳನ್ನು ಪ್ರದರ್ಶಿಸಿದ್ದ ಅವನು 1923ರ ಕೊನೆಯಲ್ಲಿ ಅಲ್ಲಿಯೇ ನೆಲೆಸಲು ಬಂದನು. ಮರುವರ್ಷವೇ ಆ ನಗರದ ಆಟೊಮೊಬೈಲ್ ಕ್ಲಬ್ಬಿನ ‘ಫ್ಯೂಚರಿಸ್ಟ್’ ನೃತ್ಯಕೂಟವೊಂದನ್ನು ಅಲಂಕರಿಸಿಕೊಟ್ಟನು. ಆದುದರಿಂದ ಮುಂದಿನ ಕೆಲಸಕ್ಕೆ ಅವನು ಹೊಸಬನಾಗಿರಲಿಲ್ಲ.

1932ರ ನವೆಂಬರಿನಲ್ಲಿ, ವಾಸ್ತುಶಿಲ್ಪಿ ಗ್ರೆಗೊರಿ ವಾರ್ಚಾವ್‌ಚಿಕ್ಕನ ಮನೆಯಲ್ಲಿ ‘ಆಧುನಿಕ ಕಲಾಪರ ಸಂಘ’ ಸ್ಥಾಪಿತವಾಯಿತು. ಅದರ ಪೋರ್ಚುಗೀಸ್ ಹೆಸರಿನ ಮೊದಲಕ್ಷರಗಳು ಸೇರಿ ‘ಸ್ಪಾಮ್’ ಎಂದಾಗುತ್ತವೆ. ಕೇಂದ್ರ ಸರ್ಕಾರದ ವಿರುದ್ಧ ಸಾವೊ ಪಾಲೊ ರಾಜ್ಯ ಎತ್ತಿದ ಸಶಸ್ತ್ರ ದಂಗೆ ಸೋತು ಆಗ ಎರಡು ತಿಂಗಳೂ ಆಗಿರಲಿಲ್ಲ. ಕಲಾವಿದರೂ ಅವರನ್ನು ಪೋಷಿಸತಕ್ಕ ಸಿರಿವಂತರೂ ಈ ಸಂಘದಲ್ಲಿ ಜೊತೆಗೂಡಿದ್ದರು. ಫ್ಲಾವಿಯೊ ದಿ ಕಾರ್ವಾಲ್ಯು ಮೊದಲಾದವರು ಅದೇ ವೇಳೆಗೆ ಬೇರೊಂದು ಕೂಟವನ್ನು ಕಟ್ಟಿಕೊಂಡದ್ದಕ್ಕೆ ಈ ಸಿರಿವಂತರ ಸಹವಾಸವೂ ಒಂದು ಕಾರಣವಿರಬೇಕು.

ಸಂಘಕ್ಕೆ ಹಣ ಬೇಕಾಗಿತ್ತು, ಕಾರ್ನಿವಲ್ ಸಮೀಪಿಸಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಆರಂಭವಾಗುವ ಮೊದಲು ಕ್ರೈಸ್ತ ನಾಡುಗಳಲ್ಲಿ ನಡೆಯುವ ಈ ಹಬ್ಬ ಬ್ರೆಜಿಲಿನಲ್ಲಿ ಜನಜೀವನದ ಉಸಿರೇ ಆಗಿದೆ. 1933ರ ಫೆಬ್ರವರಿಯಲ್ಲಿ ‘ಸ್ಪಾಮ್ ನಗರದ ಕಾರ್ನಿವಲ್’ ಏರ್ಪಟ್ಟಿತು. ಸೆಗಾಲನು ಸಭಾಂಗಣದ ಗೋಡೆಗಳಿಗೆ ತೋರಣ ಕಟ್ಟಿ ಸುಮ್ಮನಾಗಲಿಲ್ಲ. ಒಳಗೆ ಒಂದು ನಗರವನ್ನೇ ಎಬ್ಬಿಸಿದನು. ಚಿತ್ರಿತ ಫಲಕಗಳಿಂದ ಅಲ್ಲಿ ಚೌಕ, ಸರ್ಕಸ್ಸು, ಮೃಗಾಲಯ ಎಲ್ಲವೂ ರೂಪುಗೊಂಡವು. ಮುಖವಾಡ ತೊಟ್ಟು ಬಂದವರು ಆ ಒಂದು ರಾತ್ರಿಗೆ ಅದರ ಪೌರರು.

ಇಲ್ಲಿ ಚಿತ್ರಕಾರನ ಮುಂದಿದ್ದ ಸಮಸ್ಯೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಚೌಕಟ್ಟಿನ ಚಿತ್ರವನ್ನು ನಾವು ಎದುರಿಗೆ ನಿಂತು ನೋಡುತ್ತೇವೆ. ನಮ್ಮ ಸ್ಥಾನ ನಿಶ್ಚಿತ, ಚಿತ್ರವೂ ನಿಶ್ಚಲ. ನೃತ್ಯಾಂಗಣದಲ್ಲಾದರೋ ನೋಡುವವನು ಸುತ್ತುತ್ತಿರುತ್ತಾನೆ. ಬೆಳಕು ಕೃತಕವಾದದ್ದು, ಜನಸಂದಣಿ ಫಲಕದ ಕೆಳಭಾಗವನ್ನು ಮರೆಮಾಡುತ್ತದೆ. ನವಿರಾದ ವರ್ಣಚ್ಛಾಯೆಗಳು ಅಲ್ಲಿ ವ್ಯರ್ಥ; ಅಗಲವಾದ ವರ್ಣಕ್ಷೇತ್ರ, ದಪ್ಪ ಬಾಹ್ಯರೇಖೆ, ಒಂದೇ ನೋಟಕ್ಕೆ ಗುರುತು ಸಿಕ್ಕುವ ಆಕೃತಿ ಇವು ಮಾತ್ರ ನಿಲ್ಲತಕ್ಕವು. ಆಕಾರಗಳನ್ನು ಸರಳಗೊಳಿಸಿ ಅತಿಶಯಗೊಳಿಸುವ ಅಭಿವ್ಯಕ್ತಿವಾದದ ಅಭ್ಯಾಸ ಇದಕ್ಕೆ ಒದಗಿಬಂದಿತು. ಪ್ರದರ್ಶನಶಾಲೆಯಲ್ಲಿ ವಿಕಾರವೆಂದು ಜನ ಹಳಿಯುತ್ತಿದ್ದ ಅದೇ ಭಾಷೆಯನ್ನು ಉತ್ಸವದಲ್ಲಿ ಯಾರೂ ಹಳಿಯಬೇಕಾಗಿರಲಿಲ್ಲ, ಏಕೆಂದರೆ ಅಲ್ಲಿ ನೋಡುವವನ ಮುಖವೇ ವಿಕೃತ! ಉಪನ್ಯಾಸಗಳಿಂದ ಆಗದ ಕೆಲಸ ಹೀಗೆ ಕುಣಿತದಿಂದ ಆಯಿತೆನ್ನಬಹುದು. ಅದೇ ವರ್ಷ ಏಪ್ರಿಲಿನಲ್ಲಿ ಸಂಘವು ತನ್ನ ಮೊದಲ ಆಧುನಿಕ ಕಲಾಪ್ರದರ್ಶನವನ್ನು ನಡೆಸಿ, ಸ್ಥಳೀಯ ಸಂಗ್ರಹಗಳಲ್ಲಿದ್ದ ಪಿಕಾಸೊ, ಲೆಜೇ ಮುಂತಾದವರ ಕೃತಿಗಳನ್ನು ಜನರ ಮುಂದಿಟ್ಟಿತು.

1934ರ ಉತ್ಸವದ ಹೆಸರು ‘ಸ್ಪಾಮೊಲಾಂಡಿಯದ ಕನ್ಯಾರಣ್ಯಗಳಿಗೆ ದಂಡಯಾತ್ರೆ’. ಈ ಸಲ ನಗರದ ಬದಲು ಕಾಡು. ಯೂರೋಪಿನ ಪ್ರವಾಸಿಗಳು ಬ್ರೆಜಿಲನ್ನು ಕಂಡ ಬಗೆಯನ್ನೇ ಇದು ಅಣಕಿಸುತ್ತಿತ್ತು. ಆದರೆ ಅಣಕಿಸಿದವರು ಕಾಡಿನವರಲ್ಲ, ಕಾಫಿ ಮತ್ತು ಕೈಗಾರಿಕೆಯ ಹಣವಿದ್ದ ನಗರವಾಸಿಗಳು. ಹಾಸ್ಯಕ್ಕೆ ಎರಡು ಅಲಗುಗಳಿದ್ದುವೆಂಬುದನ್ನು ನಾವು ಮರೆಮಾಚಲಾರೆವು. ಸಂಘದೊಳಗೆ ಭಿನ್ನಾಭಿಪ್ರಾಯಗಳು ಬೆಳೆದು, ಆ ವರ್ಷವೇ ಅದು ಮುಗಿಯಿತು.

1937ರಲ್ಲಿ ಮ್ಯೂನಿಕ್ಕಿನಲ್ಲಿ ನಾಟ್ಸಿಗಳು ಏರ್ಪಡಿಸಿದ ‘ಅಧಃಪತಿತ ಕಲೆ’ಯ ಪ್ರದರ್ಶನದಲ್ಲಿ ಸೆಗಾಲನ ಚಿತ್ರಗಳನ್ನೂ ಅವಹೇಳನಕ್ಕಾಗಿ ತೂಗುಹಾಕಲಾಯಿತು. 1939ರಿಂದ 1941ರವರೆಗೆ ಅವನು ‘ವಲಸೆಗಾರರ ಹಡಗು’ ಎಂಬ ದೊಡ್ಡ ಚಿತ್ರವನ್ನು ಬರೆದನು. ಅದರಲ್ಲಿ ಹಡಗಿನ ಮೇಲೆ ನೆಲೆಗೆಟ್ಟ ಜನ ಒತ್ತೊತ್ತಾಗಿ ಕುಳಿತಿದ್ದಾರೆ. ಉತ್ಸವದ ನಗರದಲ್ಲಿ ಜನರೇ ಚಿತ್ರದ ಒಳಗೆ ಬಂದು ತುಂಬಿಕೊಂಡಿದ್ದರು. ಇಲ್ಲಿ ಚಿತ್ರಕಾರನೇ ಅವರನ್ನು ತುಂಬಿದ್ದಾನೆ. ಸೆಗಾಲನು 1957ರಲ್ಲಿ ತೀರಿಕೊಂಡನು. ವಾರ್ಚಾವ್‌ಚಿಕ್ಕನು ಕಟ್ಟಿದ್ದ ಅವನ ಮನೆ 1967ರಲ್ಲಿ ವಸ್ತುಸಂಗ್ರಹಾಲಯವಾಯಿತು. ಎರಡು ಉತ್ಸವಗಳಿಗೆಂದು ಅವನು ಬರೆದ ಕರಡು ಚಿತ್ರಗಳನ್ನು ಅಲ್ಲಿ ಕಾಪಾಡಲಾಗಿದೆ.