ಕೇದಾರದಲ್ಲಿ ಹೆಲಿಪ್ಯಾಡಿಗೆ ನೂರು ಮೀಟರ್ ಮೊದಲೇ



ಪಂಚಪೀಠಗಳಲ್ಲಿ ಒಂದಾದ ಕೇದಾರಕ್ಕೆ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯಿಂದಲೂ ಯಾತ್ರೆ ಹೋಗುವವರುಂಟು. ಏರುಹಾದಿ ನಡೆಯಲಾಗದ ಹಿರಿಯರು ಹೆಲಿಕಾಪ್ಟರ್ ಹತ್ತುತ್ತಾರೆ. ಹಾರಾಟ ಕೆಲವೇ ನಿಮಿಷ. ಕಷ್ಟವೆಲ್ಲ ಇಳಿಯುವ ಹೊತ್ತಿನಲ್ಲಿ.

2024ರ ಮೇ 24ರ ಬೆಳಿಗ್ಗೆ ಶೇರ್ಸಿಯಿಂದ (ನಮ್ಮ ಶಿರಸಿ ಅಲ್ಲ, ಕೇದಾರದ ಕೆಳಗಿನ ಊರು) ಆರು ಯಾತ್ರಿಕರನ್ನು ಹೊತ್ತು ಒಂದು ಸಣ್ಣ ಹೆಲಿಕಾಪ್ಟರ್ ಹೊರಟಿತು. ಇನ್ನೇನು ಇಳಿಯಬೇಕು, ಬಾಲದ ಭಾಗದಲ್ಲಿ ದೋಷ ಕಾಣಿಸಿತು. ಯಂತ್ರ ಗರಗರ ಸುತ್ತತೊಡಗಿತು. ಪೈಲಟ್ ಎದೆಗುಂದದೆ ಹೆಲಿಪ್ಯಾಡಿಗೆ ಸುಮಾರು ನೂರು ಮೀಟರ್ ದೂರದ ಇಳಿಜಾರಿನಲ್ಲೇ ಇಳಿಸಿಬಿಟ್ಟರು. ಏಳು ಜನರೂ ಉಳಿದರು.

ಯಾಕೆ ಸುತ್ತಿತು? ತಲೆಯ ಮೇಲಿನ ದೊಡ್ಡ ಪಂಕ ಒಂದು ಕಡೆ ತಿರುಗಿದರೆ ಒಡಲು ಎದುರು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯಲಿಕ್ಕೇ ಬಾಲದ ತುದಿಯ ಸಣ್ಣ ಪಂಕ ಇರುವುದು. ಅದು ಕೈಕೊಟ್ಟರೆ ಒಡಲು ಬುಗುರಿಯಾಗುತ್ತದೆ. ವೇಗವಾಗಿ ಮುಂದೆ ಹೋಗುತ್ತಿದ್ದರೆ ಬಾಲದಲ್ಲಿ ನೆಟ್ಟಗೆ ನಿಂತ ಹಲಗೆಗೆ ಗಾಳಿ ಬಡಿದು ಸ್ವಲ್ಪ ಆಸರೆ ಸಿಗುತ್ತದೆ. ಇಳಿಯುವಾಗ ವೇಗ ತಗ್ಗಿಸಲೇಬೇಕು, ಆ ಆಸರೆಯೂ ತಪ್ಪುತ್ತದೆ.

ಮೇಲಾಗಿ ಕೇದಾರ ಸುಮಾರು 3,580 ಮೀಟರ್ ಎತ್ತರ. ಅಲ್ಲಿಯ ಗಾಳಿ ಸಮುದ್ರ ತೀರದ್ದಕ್ಕಿಂತ ನೂರಕ್ಕೆ ಮೂವತ್ತರಷ್ಟು ತೆಳು. ಬಿಸಿಲೇರಿದರೆ ಇನ್ನೂ ತೆಳು. ಪಂಕಗಳಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಕಸುವು ಕಡಿಮೆ. ಅದಕ್ಕೇ ಯಾತ್ರಿಕರನ್ನೂ ಗಂಟನ್ನೂ ತೂಗಿ ಹತ್ತಿಸುತ್ತಾರೆ. ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಇದು ಬೇಗ ತಿಳಿಯುತ್ತದೆ: ಶಿಲ್ಕು ಕಡಿಮೆ ಇದ್ದಲ್ಲಿ ಖರ್ಚೂ ಕಡಿಮೆ ಇರಬೇಕು. ತೂಕ ಬರೆಸುವಾಗ ಐದು ಕಿಲೋ ಮುಚ್ಚಿಡುವ ಜಾಣತನ ಬೇಡ. ಮೋಡ ಕಂಡು ಪೈಲಟ್ ಅರ್ಧದಿಂದ ಹಿಂದಿರುಗಿದರೆ ಜಗಳಕ್ಕೂ ನಿಲ್ಲಬೇಡಿ.

ಆ ಕೆಟ್ಟ ಹೆಲಿಕಾಪ್ಟರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆಗಸ್ಟ್ 31ರಂದು ವಾಯುಸೇನೆಯ ದೊಡ್ಡ ಎಂಐ-17 ಅದನ್ನು ಹಗ್ಗಕ್ಕೆ ತೂಗುಬಿಟ್ಟು ರಿಪೇರಿಗೆ ಒಯ್ಯುತ್ತಿತ್ತು. ಗಾಳಿಗೆ ಅದು ಜೋಲಾಡಿತು, ದೊಡ್ಡದರ ಸಮತೋಲವೇ ತಪ್ಪತೊಡಗಿತು. ಕಡೆಗೆ ಕಣಿವೆಯಲ್ಲಿ ಕೆಡವಬೇಕಾಯಿತು. ಜನರಿಗೆ ಏನೂ ಆಗಲಿಲ್ಲ.

ಇಳಿದ ಮೇಲೂ ಎಚ್ಚರ ಬೇಕು. 2023ರ ಏಪ್ರಿಲಿನಲ್ಲಿ ಇದೇ ಕೇದಾರದ ಹೆಲಿಪ್ಯಾಡಿನಲ್ಲಿ ಅಧಿಕಾರಿಯೊಬ್ಬರು ಬಾಲದ ಪಂಕ ತಗುಲಿ ತೀರಿಕೊಂಡರು. ತಿರುಗುವಾಗ ಆ ಪಂಕ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಸಿಬ್ಬಂದಿ ಕೈ ತೋರಿಸಿದ ಕಡೆಯಿಂದಲೇ, ತಲೆ ಬಗ್ಗಿಸಿ, ಶಾಲು ಸೆರಗು ಬಿಗಿಹಿಡಿದು ನಡೆಯಿರಿ. ಬಾಲದ ಕಡೆಗೆ ಮಾತ್ರ ಹೋಗಬೇಡಿ.