ಆಯಿಲ್ ಬದಲಾಯಿತು, ದೀಪವೇಕೆ ಆರಲಿಲ್ಲ?

ರೋಣ, ನರಗುಂದ, ಗಜೇಂದ್ರಗಡದ ಎರೆಸೀಮೆಯಲ್ಲಿ ಹಿಂದೊಮ್ಮೆ ಮನೆಯ ಮುಂದೆ ಒಂದು ಜೋಡಿ ಎತ್ತು, ಒಂದು ಚಕ್ಕಡಿ ಇದ್ದರೆ ಅದು ಉಳ್ಳವರ ಮನೆಯೆಂದು ಭಾವಿಸಲಾಗುತ್ತಿತ್ತು. ಇಂದು ಅದೇ ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕಕ್ಕೆ ಕಾರೊಂದು ನಿಂತಿರುವುದು ಅಪರೂಪದ ನೋಟವೇನಲ್ಲ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವ ಹೊತ್ತನ್ನು ಗಾಲಿಯ ಕಿರುಗುಟ್ಟುವ ಸದ್ದೇ ಸಾರುತ್ತಿತ್ತು. ಕಾರಿನಲ್ಲಿ ಆ ಕೆಲಸವನ್ನು ಸಣ್ಣದೊಂದು ಹಳದಿ ದೀಪ ವಹಿಸಿಕೊಂಡಿದೆ. ಆ ದೀಪದ ಭಾಷೆ ಮಾತ್ರ ನಮ್ಮ ಅನೇಕ ಕುಟುಂಬಗಳಿಗೆ ಇನ್ನೂ ಪರಿಚಿತವಾಗಿಲ್ಲ.

ಈ ಮೂರೂ ಊರುಗಳ ಬಂಧುಗಳ ಮನೆಗಳಲ್ಲಿ ನಾವು ಪದೇಪದೇ ಕೇಳಿದ ದೂರು ಒಂದೇ. ಸಾವಿರಾರು ರೂಪಾಯಿ ತೆತ್ತು ಸರ್ವಿಸಿಂಗ್ ಮಾಡಿಸಿ ತಂದ ಮರುದಿನವೇ ಮೀಟರಿನ ಫಲಕದಲ್ಲಿ ಪಾನದ ಗುರುತಿನ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ಹಳೆಯ ಆಯಿಲನ್ನೇ ಬಿಟ್ಟು ಹಣ ಪಡೆದನೇ ಎಂಬ ಸಂಶಯ ಮನೆಯ ಹಿರಿಯರಲ್ಲಿ ಮೂಡುತ್ತದೆ. ರೋಣದ ಗ್ಯಾರೇಜೊಂದರಲ್ಲಿ ಇಂತಹ ಹಿರಿಯರೊಬ್ಬರು, "ತಮ್ಮಾ, ರೊಕ್ಕಾ ಕೊಟ್ಟು ಆಯಿಲ್ ಹಾಕ್ಸೇನಿ, ಮತ್ತ ದೀಪ ಯಾಕ ಹತ್ತೇತಿ?" ಎಂದು ಕೇಳಿದಾಗ ಆ ಹುಡುಗ ಕೊಟ್ಟ ಉತ್ತರ ನಮಗೆ ಬಹಳ ಮೆಚ್ಚುಗೆಯಾಯಿತು: "ಯಜಮಾನ್ರ, ಆ ದೀಪಕ್ಕ ಕಣ್ಣಿಲ್ರಿ. ಅದು ಆಯಿಲ್ ನೋಡೂದಿಲ್ಲ, ಬರೇ ಲೆಕ್ಕಾ ಇಡ್ತೈತ್ರಿ."

ಇದು ಅಕ್ಷರಶಃ ನಿಜ. ಹೆಚ್ಚಿನ ಕಾರುಗಳಲ್ಲಿ ಈ ದೀಪವು ಎಂಜಿನ್ನಿನೊಳಗಿನ ಆಯಿಲನ್ನು ಮುಟ್ಟಿ ನೋಡುವುದಿಲ್ಲ. ಕಳೆದ ಬಾರಿ ಲೆಕ್ಕವನ್ನು ಸೊನ್ನೆಗೆ ತಂದ ದಿನದಿಂದ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು ಕಳೆದವೆಂಬುದಷ್ಟೇ ಅದಕ್ಕೆ ಗೊತ್ತು. ನಮ್ಮ ದೇಶದ ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಗಡುವು. ಹೊಸ ಆಯಿಲ್ ಬಿದ್ದ ಮಾತ್ರಕ್ಕೆ ಲೆಕ್ಕ ತಾನಾಗಿ ಅಳಿಯದು. ಅದನ್ನು ಯಾರಾದರೂ ಕೈಯಿಂದ ಅಳಿಸಬೇಕು. ಗ್ಯಾರೇಜಿನವರು ಆ ಒಂದು ಕೆಲಸ ಮರೆತರೆ ದೀಪ ಉರಿಯುತ್ತಲೇ ಇರುತ್ತದೆ. ಅಂದಮೇಲೆ ದೀಪ ಉರಿದದ್ದು ಮೋಸಕ್ಕೆ ಸಾಕ್ಷಿಯಲ್ಲ, ಆರಿದ್ದು ಪ್ರಾಮಾಣಿಕತೆಗೂ ಸಾಕ್ಷಿಯಲ್ಲ.

ಇನ್ನು ಕೆಲವು ಕಾರುಗಳಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮವಾದುದು. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು, ಎಷ್ಟು ಬಾರಿ ತಣ್ಣಗಿದ್ದಾಗಲೇ ಚಾಲೂ ಆಯಿತು ಎಂಬುದನ್ನೆಲ್ಲ ಗಣಿಸಿ ಆಯಿಲಿನ ಆಯುಷ್ಯವನ್ನು ಶೇಕಡಾವಾರು ತೋರಿಸುತ್ತವೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1980ರ ದಶಕದ ಕೊನೆಯಲ್ಲಿ ಇಂತಹ ವ್ಯವಸ್ಥೆಯನ್ನು ತನ್ನ ಕಾರುಗಳಲ್ಲಿ ತಂದಿತು. ನಮ್ಮ ರೈತ ಬಂಧುಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಟ್ರ್ಯಾಕ್ಟರಿನ ಅವರ್ ಮೀಟರ್ ನೋಡಿ, ಅನೇಕ ಮಾದರಿಗಳಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಾಯಿಸುವ ರೂಢಿ ಹಳೆಯದು. ಹಳೆಯ ಅವರ್ ಮೀಟರ್ ಗಡಿಯಾರದ ಗಂಟೆಯನ್ನಲ್ಲ, ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆ; ನಿಂತಲ್ಲೇ ಮೆಲ್ಲಗೆ ಓಡಿದಾಗ ಅದರ ಗಂಟೆಯೂ ಮೆಲ್ಲಗೆ ಸಾಗುತ್ತದೆ. ಟ್ರ್ಯಾಕ್ಟರಿನ ವಿಷಯದಲ್ಲಿ ಇಷ್ಟು ಬಲ್ಲವರು ಕಾರಿನ ದೀಪಕ್ಕೆ ಅಂಜುವ ಕಾರಣವೇ ಇಲ್ಲ. ಡಿಸೆಂಬರ್ 1983ರಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800ರಲ್ಲಿ ಇಂತಹ ನೆನಪಿನ ದೀಪ ಇರಲಿಲ್ಲ. ಮುಂದಿನ ಸರ್ವಿಸಿಂಗಿನ ಕಿಲೋಮೀಟರನ್ನು ಮೆಕ್ಯಾನಿಕ್ ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದನು. ಆ ಚೀಟಿಯೇ ದೀಪ.

ಲೆಕ್ಕವನ್ನು ಸೊನ್ನೆಗೆ ತರುವ ಕ್ರಮ ಒಂದೊಂದು ಕಾರಿಗೆ ಒಂದೊಂದು ಬಗೆ. ಕಾರಿನೊಡನೆ ಬಂದ ಕೈಪಿಡಿಯೇ ಇದಕ್ಕೆ ಪ್ರಮಾಣ. ಸಾಮಾನ್ಯ ನಿಯಮವೆಂದರೆ ಕೀ ಆನ್ ಆಗಿರಬೇಕು, ಎಂಜಿನ್ ಚಾಲೂ ಆಗಿರಬಾರದು. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ತುಳಿಯದೆ ಗುಂಡಿ ಒತ್ತಿದರೆ ಈ ಸ್ಥಿತಿ ದೊರೆಯುತ್ತದೆ. ಟೊಯೋಟಾದ ಹಲವು ಹಳೆಯ ಮಾದರಿಗಳಲ್ಲಿ ಮೀಟರನ್ನು ಮೊದಲು 'ಟ್ರಿಪ್ ಎ'ಗೆ ತಂದು ಕೀ ಆಫ್ ಮಾಡಬೇಕು. ಅನಂತರ ಟ್ರಿಪ್ ಗುಂಡಿಯನ್ನು ಒತ್ತಿ ಹಿಡಿದಂತೆಯೇ ಕೀ ಆನ್ ಮಾಡಿ, ಫಲಕದಲ್ಲಿ ಸೊನ್ನೆಗಳು ಮೂಡುವವರೆಗೆ ಕೈ ಬಿಡಬಾರದು. ಹೋಂಡಾದ ಕೆಲವು ಮಾದರಿಗಳಲ್ಲಿ ಕೀ ಆನ್ ಮಾಡಿ, ಆಯಿಲಿನ ಆಯುಷ್ಯ ತೋರುವ ಅಂಕಿಯನ್ನು ತಂದುಕೊಂಡು, ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದರೆ ಅಂಕಿ ಮಿನುಗುತ್ತದೆ. ಮತ್ತೊಮ್ಮೆ ಒತ್ತಿ ಹಿಡಿದರೆ 100ಕ್ಕೆ ಮರಳುತ್ತದೆ. ಈಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಮೇಲಿನ ಗುಂಡಿಗಳಿಂದಲೋ ಪರದೆಯಿಂದಲೋ ಸರ್ವಿಸ್ ಎಂಬ ವಿಭಾಗಕ್ಕೆ ಹೋಗಬೇಕು. ಕೆಲವಕ್ಕೆ ಕಂಪನಿಯ ಯಂತ್ರವನ್ನೇ ಜೋಡಿಸಬೇಕಾಗುತ್ತದೆ. ಬ್ಯಾಟರಿಯ ತಂತಿ ಬಿಚ್ಚಿದರೆ ದೀಪ ಆರುತ್ತದೆಂದು ಹೇಳುವವರಿದ್ದಾರೆ. ಹಲವು ಕಾರುಗಳಲ್ಲಿ ಇದರಿಂದ ಗಡಿಯಾರ, ರೇಡಿಯೋಗಳ ಹೊಂದಿಕೆ ಅಳಿಯುತ್ತದೆಯೇ ಹೊರತು ಆಯಿಲಿನ ಲೆಕ್ಕ ಅಳಿಯುವುದಿಲ್ಲ. ಗಡುವಿಗೆ ಮೊದಲೇ ಆಯಿಲ್ ಬದಲಾಯಿಸಿದಾಗಲೂ ಲೆಕ್ಕವನ್ನು ಸೊನ್ನೆಗೆ ತರಲೇಬೇಕು.

ದೀಪ ಉರಿದರೆ ಉರಿಯಲಿ, ಕಾರು ಓಡುತ್ತಿದೆಯಲ್ಲ ಎನ್ನುವವರೂ ಉಂಟು. ಸುಳ್ಳು ಹೇಳುತ್ತದೆಂದು ಒಮ್ಮೆ ಎಣಿಸಿದ ದೀಪವನ್ನು ಮನೆಯವರು ಮತ್ತೆ ನೋಡುವುದಿಲ್ಲ. ನಿಜವಾದ ಗಡುವು ಬಂದು ಹೋದುದು ಅವರಿಗೆ ತಿಳಿಯುವುದೇ ಇಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದೇ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವೂ ಇರುತ್ತದೆ. ಕೀ ಆನ್ ಮಾಡಿದಾಗ ಹೊತ್ತಿ, ಎಂಜಿನ್ ಚಾಲೂ ಆದ ಕೆಲವು ಕ್ಷಣಗಳಲ್ಲಿ ಆರುವುದು ಅದರ ಸಹಜ ಸ್ಥಿತಿ. ಓಡುವಾಗ ಅದು ಹೊತ್ತಿದರೆ ಎಂಜಿನ್ನಿನಲ್ಲಿ ಆಯಿಲಿನ ಒತ್ತಡ ಕುಸಿದಿದೆ ಎಂದು ಅರ್ಥ. ಇದಕ್ಕೂ ಸರ್ವಿಸಿಂಗಿನ ಗಡುವಿಗೂ ಸಂಬಂಧವಿಲ್ಲ. ಗಜೇಂದ್ರಗಡದ ಕಡೆಯ ಕುಟುಂಬವೊಂದು ಜಾತ್ರೆಯಿಂದ ಮರಳುವಾಗ ಈ ಕೆಂಪು ದೀಪವನ್ನೂ 'ಅದೇ ಸರ್ವಿಸಿಂಗಿನ ದೀಪ' ಎಂದುಕೊಂಡು ಊರು ಮುಟ್ಟಲು ಹೊರಟಿತು. ಹಾದಿಯಲ್ಲಿನ ಕಲ್ಲು ತಗುಲಿ ಆಯಿಲ್ ಚೇಂಬರ್ ಒಡೆದಿತ್ತು. ಕಾರು ದಾರಿಯಲ್ಲೇ ನಿಂತಿತು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಸಲು ಆ ಮನೆಯವರು ತೆತ್ತ ಹಣ ಒಂದು ಬೆಳೆಯ ಆದಾಯಕ್ಕೆ ಸಮನಾಗಿತ್ತು. ಕೆಂಪು ದೀಪ ಕಂಡೊಡನೆ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಒಂದು ಫರ್ಲಾಂಗು ದೂರವೂ ಓಡಿಸಲಾಗದು.

ಹಳೆಯ ಡೀಸೆಲ್ ಇನ್ನೋವಾ ಇರುವವರಿಗೆ ಒಂದು ಮಾತು. 2005ರಿಂದ ಬಂದ ಮೊದಲ ಮಾದರಿಯಲ್ಲಿ ಟೈಮಿಂಗ್ ಬೆಲ್ಟಿಗಾಗಿ 'ಟಿ-ಬೆಲ್ಟ್' ಎಂಬ ಬೇರೊಂದು ದೀಪವಿದೆ. ಬೆಲ್ಟ್ ಬದಲಾಯಿಸದೆ ದೀಪವನ್ನು ಮಾತ್ರ ಆರಿಸಿ ಮಾರಿದ ಗಾಡಿಯನ್ನು ಕೊಂಡರೆ, ಬೆಲ್ಟ್ ಹರಿದ ದಿನ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಆರಿದ ದೀಪವನ್ನು ನಂಬದೆ ಸರ್ವಿಸಿಂಗಿನ ಬಿಲ್ಲುಗಳನ್ನು ಕೇಳುವುದು ಯುಕ್ತ.

ನಮ್ಮ ಸೀಮೆಯ ಸಂಗತಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಕೈಪಿಡಿಯ ಗಡುವು ಸಾಧಾರಣ ಓಡಾಟಕ್ಕೆ ಹೇಳಿದ್ದು. ವಿಪರೀತ ಧೂಳು, ಸಣ್ಣ ಸಣ್ಣ ಓಡಾಟ ಇದ್ದಲ್ಲಿ ಬೇಗ ಬದಲಾಯಿಸಿರೆಂದು ಅನೇಕ ಕೈಪಿಡಿಗಳೇ ತಿಳಿಸುತ್ತವೆ. ಕಡಲೆ ಒಕ್ಕುವ ಕಾಲದಿಂದ ಮುಂಗಾರಿನವರೆಗೆ ಎರೆಹೊಲದ ದಾರಿಗಳ ಧೂಳು ಹೇಗಿರುತ್ತದೆಂದು ನರಗುಂದದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏರ್ ಫಿಲ್ಟರ್ ಹಾಳಾಗಿದ್ದರೆ ಆ ಧೂಳು ಆಯಿಲನ್ನೂ ಸೇರುತ್ತದೆ. ಇನ್ನು ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಎಂಬ ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ, ಒಳಗೆ ಸೇರಿದ ನೀರಿನ ಪಸೆ ಆರುವುದಿಲ್ಲ. ಏಪ್ರಿಲ್ 2020ರ ಬಿ.ಎಸ್. 6 ನಿಯಮದ ಬಳಿಕ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಲು ಹೆದ್ದಾರಿಯಲ್ಲಿ ಕೊಂಚ ದೂರದ ಓಟ ಬೇಕು. ಅದು ನಡುವೆಯೇ ನಿಂತರೆ ಅದಕ್ಕಾಗಿ ಹೆಚ್ಚುವರಿಯಾಗಿ ಸುರಿದ ಡೀಸೆಲ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಇಂತಹ ಕಾರುಗಳಿಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು; ಟ್ರ್ಯಾಕ್ಟರಿಗೆಂದು ತಂದ ಡಬ್ಬಿಯಲ್ಲಿ ಉಳಿದುದನ್ನು ಸುರಿಯುವ ಮಿತವ್ಯಯ ಸಲ್ಲದು.

ಆದಕಾರಣ ಕಣ್ಣಿಲ್ಲದ ದೀಪಕ್ಕೆ ಮನೆಯವರ ಕಣ್ಣು ಜೊತೆಯಾಗಬೇಕು. ಸಮನಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿದ ಹತ್ತು ನಿಮಿಷದ ಮೇಲೆ ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಿದರೆ ಮಟ್ಟವು ಎರಡು ಗುರುತುಗಳ ನಡುವೆ ಇರಬೇಕು. ಡೀಸೆಲ್ ಕಾರಿನಲ್ಲಿ ಹೊಸ ಆಯಿಲೂ ಕೆಲವೇ ದಿನಗಳಲ್ಲಿ ಕಪ್ಪಾಗುವುದರಿಂದ ಬಣ್ಣ ಕಂಡು ಮೆಕ್ಯಾನಿಕನನ್ನು ದೂರಬಾರದು. ಹಾಲಿನಂತಹ ಬಿಳಿ ನೊರೆ ಕಂಡರೆ ಅಥವಾ ಮಟ್ಟವು ಮೇಲಿನ ಗುರುತನ್ನು ಮೀರಿ ಏರಿದ್ದರೆ ಮಾತ್ರ ತಡಮಾಡದೆ ತೋರಿಸಬೇಕು. ಗೃಹಿಣಿಯರೂ ಕಾಲೇಜಿಗೆ ಹೋಗುವ ಮಕ್ಕಳೂ ಈ ಕೆಲಸವನ್ನು ಸುಲಭವಾಗಿ ಕಲಿಯಬಹುದು.

ಗಜೇಂದ್ರಗಡದಿಂದ ಹುಬ್ಬಳ್ಳಿಯ ಶೋರೂಮಿಗೆ ಹೋಗುವುದೆಂದರೆ 100 ಕಿ.ಮೀ. ಮೀರಿದ ಹಾದಿ. ಒಂದು ಗುಂಡಿ ಒತ್ತಿಸಲು ಅಷ್ಟು ದೂರ ಮತ್ತೆ ಹೋಗುವ ಬದಲು, ಬಿಲ್ಲು ಕೊಡುವ ಮುನ್ನ ಕೀ ಆನ್ ಮಾಡಿಸಿ ದೀಪ ಆರಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳುವುದು ಮೇಲು. ಖಾಲಿಯಾದ ಆಯಿಲ್ ಡಬ್ಬಿಯನ್ನೂ ಹಳೆಯ ಫಿಲ್ಟರನ್ನೂ ಕಣ್ಣಾರೆ ಕಂಡು, ದಿನಾಂಕ ಮತ್ತು ಕಿಲೋಮೀಟರನ್ನು ಕಾರಿನ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಬಸಿದು ತೆಗೆದ ಕರಿ ಆಯಿಲನ್ನು ಮನೆಗೆ ತಂದು ಬದುವಿಗೋ ಹಳ್ಳಕ್ಕೋ ಚೆಲ್ಲುವವರಿದ್ದಾರೆ. 2016ರ ಕೇಂದ್ರ ನಿಯಮಗಳಲ್ಲಿ ಅದು ಅಪಾಯಕಾರಿ ತ್ಯಾಜ್ಯವೆಂದೇ ಎಣಿಕೆಯಾಗಿದೆ. ಅದನ್ನು ಗ್ಯಾರೇಜಿನ ಡ್ರಮ್ಮಿನಲ್ಲಿಯೇ ಬಿಟ್ಟು ಬರಬೇಕು.