ತಂತ್ರಾಂಶದ ಉಗ್ರಾಣಗಳು

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರಕ್ಕೆ ತಂತ್ರಾಂಶವು ಬರುವುದು ಅಂತರ್ಜಾಲದ ಉಗ್ರಾಣಗಳಿಂದ. ಅದನ್ನು ತಂದು ಜೋಡಿಸುವ ಪಾರುಪತ್ಯಗಾರನಿಗೆ 'ಆಪ್ಟ್' ಎಂದು ಹೆಸರು. ನಮ್ಮ ಗುಬ್ಬಿ ಪಟ್ಟಣದ ಹೆಸರನ್ನೇ ನೆನಪಿಗೆ ತರುವ 'ಗುಬ್ಬಿ' ಎಂಬ ಕನ್ನಡ ಲಿಪಿಯ ಅಚ್ಚು ಡೆಬಿಯನ್ನಿನ ಮುಖ್ಯ ಉಗ್ರಾಣದಲ್ಲಿಯೇ ಉಂಟು; ಅದಕ್ಕಾಗಿ ಹೊರಗೆ ಅಲೆಯಬೇಕಾಗಿಲ್ಲ.

ಬೇರೆ ಉಗ್ರಾಣಗಳೂ ಬೇಕಾದಾಗ ವಿವೇಕವು ಅವಶ್ಯ. ತುಮಕೂರು, ಗುಬ್ಬಿ, ಕುಣಿಗಲುಗಳ ಮೂರು ಅಂಗಡಿಗಳಲ್ಲಿ ವ್ಯವಹರಿಸುವ ಗೃಹಿಣಿಯು ಮೂರಕ್ಕೂ ಬೇರೆ ಬೇರೆ ಲೆಕ್ಕದ ಪುಸ್ತಕವನ್ನಿಡುವಳಷ್ಟೆ. ಹಾಗೆಯೇ ಪ್ರತಿಯೊಂದು ಉಗ್ರಾಣದ ವಿಳಾಸವನ್ನೂ ಪ್ರತ್ಯೇಕ ಕಡತದಲ್ಲಿ ಬರೆಯತಕ್ಕದ್ದು. ಬೇಡವಾದಾಗ ಅದೊಂದನ್ನೇ ನಿಲ್ಲಿಸಬಹುದು, ಉಳಿದವು ಕೆಡವು.

ಒಂದೇ ತಂತ್ರಾಂಶವು ಎರಡು ಕಡೆ ದೊರೆತರೆ ಆಪ್ಟ್ ಆದ್ಯತೆಯ ಅಂಕವನ್ನು ನೋಡುವುದು. ಸಾಮಾನ್ಯವಾಗಿ ಅದು 500. ಅಂಕಗಳು ಸಮವಾದರೆ ಹೊಸ ಆವೃತ್ತಿಯೇ ಗೆಲ್ಲುವುದು. ಆದುದರಿಂದ ಹೊರಗಿನ ಉಗ್ರಾಣಕ್ಕೆ ನಾವು 100ನ್ನು ಗೊತ್ತುಮಾಡಿದರೆ, ಅದು ಮುಖ್ಯ ಉಗ್ರಾಣದ ಸರಕನ್ನು ತಳ್ಳಿಹಾಕಲಾರದು.

ಎಲ್ಲಕ್ಕಿಂತ ಮಿಗಿಲಾದುದು ನಂಬಿಕೆ. ಉಗ್ರಾಣದವರ ಮುದ್ರೆಯನ್ನು ಪರೀಕ್ಷಿಸುವ ಕೀಲಿಯನ್ನು ನಾವು ಒಪ್ಪಿದೆವೆಂದರೆ, ಅವರ ಸರಕು ನಮ್ಮ ಯಂತ್ರದಲ್ಲಿ ಸರ್ವಾಧಿಕಾರದಿಂದ ನಡೆಯುವುದು. ಮಕ್ಕಳ ಪಾಠಗಳೂ ಮನೆಯ ಹಣದ ಲೆಕ್ಕವೂ ಅದರ ಕೈಗೆ ಸಿಕ್ಕಿದಂತೆಯೇ. 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13ರಂತಹ ಹೊಸ ಆವೃತ್ತಿಗೆ ಏರುವ ಮುನ್ನ, ಹೊರಗಿನ ಉಗ್ರಾಣಗಳನ್ನು ನಿಲ್ಲಿಸಿಡುವುದು ಕ್ಷೇಮಕರ. ಅಪರಿಚಿತರಿಗೆ ಮನೆಯ ಬೀಗದ ಕೈಯನ್ನು ನಾವು ಕೊಡುವುದಿಲ್ಲವಷ್ಟೆ!